ವೆಲ್ಷ್ ಪುರಾಣಕಥನಗಳಲ್ಲಿ ಅನ್ಯಲೋಕ: ‘ಅನ್ನೂನ್’ ಪರಿಕಲ್ಪನೆಯ ಕೆಲವು ನೆಲೆಗಳು

೧

ವೆಲ್ಷ್ ಪುರಾಣಕಥನಗಳನ್ನು ಕನ್ನಡದಲ್ಲಿ ವಿವರಿಸಲು ಹೊರಟವರಿಗೆ ಮೊದಲ ತೊಡಕು ಒಂದು ಪದದಲ್ಲಿಯೇ ಎದುರಾಗುತ್ತದೆ. ಆ ಪದ ‘ಅನ್ನೂನ್’. ಮಧ್ಯಕಾಲೀನ ಹಸ್ತಪ್ರತಿಗಳಲ್ಲಿ ಇದರ ರೂಪ ‘ಅನ್ನುವ್ನ್’. ಬ್ರಿಟನ್ನಿನ ಪಶ್ಚಿಮಕ್ಕಿರುವ ವೇಲ್ಸ್ ನಾಡಿನ ಹಳೆಯ ಕಥನಗಳು ಮನುಷ್ಯಲೋಕಕ್ಕೆ ಸೇರದ, ಆದರೆ ಅದರೊಡನೆ ಕೊಡುಕೊಳೆಯನ್ನು ಬಿಡದ ಒಂದು ರಾಜ್ಯವನ್ನು ಈ ಹೆಸರಿನಿಂದ ಕರೆಯುತ್ತವೆ. ಇಂಗ್ಲಿಷಿನಲ್ಲಿ ಇದಕ್ಕೆ ಅಧೋಲೋಕ, ನರಕ, ಅನ್ಯಲೋಕ, ಯಕ್ಷಿಣಿಯರ ನಾಡು ಎಂಬ ಅರ್ಥಗಳನ್ನೆಲ್ಲ ಕೊಡುವ ರೂಢಿಯಿದೆ. ಕನ್ನಡಕ್ಕೆ ತರುವಾಗ ಪಾತಾಳ, ಪರಲೋಕ, ಯಮಲೋಕ ಎಂಬ ಸಿದ್ಧ ಪದಗಳು ಕೈಗೆ ಒದಗಿ ಬರುತ್ತವೆ. ಹೀಗೆ ಸುಲಭವಾಗಿ ಒದಗುವುದೇ ಇಲ್ಲಿನ ಅಪಾಯ. ಈ ಪದಗಳಲ್ಲಿ ಯಾವುದನ್ನು ಆರಿಸಿಕೊಂಡರೂ ಆ ಪದದ ಹಿಂದಿರುವ ನಮ್ಮ ಲೋಕವಿನ್ಯಾಸವೂ ಅದರ ಜೊತೆಗೇ ಪಠ್ಯದೊಳಕ್ಕೆ ಬಂದುಬಿಡುತ್ತದೆ.

ಅನ್ನೂನ್ ಮೂಲತಃ ಸತ್ತವರ ಲೋಕವಾಗಿರದೆ ನೆರೆರಾಜ್ಯವಾಗಿತ್ತು ಎಂಬುದನ್ನು, ಅದನ್ನು ನರಕವೆಂದೂ ಆತ್ಮದ ಆರಂಭಬಿಂದುವೆಂದೂ ಓದುವ ಕ್ರಮಗಳು ನಂತರ ಸೇರಿಕೊಂಡವೆಂಬುದನ್ನು ಪ್ರಸ್ತುತ ಲೇಖನದಲ್ಲಿ ಪಠ್ಯಗಳ ಆಧಾರದಿಂದ ಪರಿಶೀಲಿಸಲಾಗಿದೆ.

ಪದದ ನಿಷ್ಪತ್ತಿಯೇ ಒಂದು ನಿರ್ಣಯಕ್ಕೆ ಬರಗೊಡುವುದಿಲ್ಲ. ‘ದುವ್ನ್’ ಎಂಬುದಕ್ಕೆ ‘ಆಳ’, ‘ಲೋಕ’ ಎಂಬ ಎರಡೂ ಅರ್ಥಗಳಿವೆ. ಮೊದಲಿನ ‘ಅನ್’ ಎಂಬ ಭಾಗವನ್ನು ‘ಒಳಗೆ’ ಎಂದು, ‘ಅತಿ’ ಎಂದು, ‘ಅಲ್ಲದ’ ಎಂದು ಮೂರು ಬಗೆಯಾಗಿ ವಿವರಿಸಲಾಗಿದೆ. ಅಂತೆಯೇ ಒಳಲೋಕ, ಅತ್ಯಂತ ಆಳವಾದುದು, ಲೋಕವಲ್ಲದ ಲೋಕ ಎಂಬ ಮೂರು ಸಾಧ್ಯತೆಗಳು ಉಳಿಯುತ್ತವೆ. ನಿಷ್ಪತ್ತಿಯನ್ನು ಹಿಡಿದು ಪರಿಕಲ್ಪನೆಯನ್ನು ಕಟ್ಟುವುದಕ್ಕಿಂತ ಕಥನಗಳು ಆ ಪದವನ್ನು ಹೇಗೆ ಬಳಸಿವೆ ಎಂದು ನೋಡುವುದೇ ಸರಿಯಾದ ದಾರಿ.

ಮುಖ್ಯ ಆಕರ ‘ಮಬಿನೋಗಿ’ಯ ನಾಲ್ಕು ಕವಲುಗಳು. ಇವುಗಳ ಪೂರ್ಣಪಾಠ ‘ರಡರ್ಖ್‌ನ ಬಿಳಿಯ ಪುಸ್ತಕ’ (ಸುಮಾರು ೧೩೫೦) ಮತ್ತು ‘ಹೆರ್ಗೆಸ್ಟ್‌ನ ಕೆಂಪು ಪುಸ್ತಕ’ (೧೩೮೨ರ ನಂತರ) ಎಂಬ ಎರಡು ಹಸ್ತಪ್ರತಿಗಳಲ್ಲಿದೆ. ಮೊದಲನೆಯದು ಆಬರಿಸ್ಟ್‌ವಿತ್‌ನ ವೇಲ್ಸ್ ರಾಷ್ಟ್ರೀಯ ಗ್ರಂಥಾಲಯದಲ್ಲಿದ್ದರೆ ಎರಡನೆಯದು ಆಕ್ಸ್‌ಫರ್ಡಿನ ಜೀಸಸ್ ಕಾಲೇಜಿಗೆ ಸೇರಿದ್ದು. ಕಥೆಗಳು ಹಸ್ತಪ್ರತಿಗಳಿಗಿಂತ ಹಳೆಯವೆಂಬುದರಲ್ಲಿ ವಿದ್ವಾಂಸರಿಗೆ ಸಂದೇಹವಿಲ್ಲ. ಲೇಡಿ ಷಾರ್ಲಟ್ ಗೆಸ್ಟ್ ೧೮೩೮ರಿಂದ ೧೮೪೯ರ ಅವಧಿಯಲ್ಲಿ ಪ್ರಕಟಿಸಿದ ಇಂಗ್ಲಿಷ್ ಅನುವಾದದ ಮೂಲಕ ಇವು ಹೊರಲೋಕಕ್ಕೆ ಪರಿಚಿತವಾದವು. ಗ್ವಿನ್ ಜೋನ್ಸ್ ಮತ್ತು ಥಾಮಸ್ ಜೋನ್ಸ್ ಅವರ ಅನುವಾದ (೧೯೪೮), ಸೋನೆಡ್ ಡೇವಿಸ್ ಅವರ ಅನುವಾದ (೨೦೦೭) ಅನಂತರದವು. ವೆಲ್ಷ್ ಹೆಸರುಗಳನ್ನು ಇಲ್ಲಿ ಉಚ್ಚಾರಕ್ಕೆ ಆದಷ್ಟು ಹತ್ತಿರವಾಗಿ ಬರೆಯಲಾಗಿದೆ. ಆ ಭಾಷೆಯ ಕೆಲವು ಧ್ವನಿಗಳು ನಮ್ಮ ಲಿಪಿಗೆ ಪೂರ್ತಿ ಒಗ್ಗುವಂಥವಲ್ಲ.

೨

ಮೊದಲ ಕವಲು ಡವೆಡ್ ನಾಡಿನ ಅರಸ ಪುಯಿಲ್‌ನ ಕಥೆಯಿಂದ ತೊಡಗುತ್ತದೆ. ಅವನು ಏಳು ‘ಕಂಟ್ರೆವ್’ಗಳ ಒಡೆಯ. ‘ಕಂಟ್ರೆವ್’ ಎಂದರೆ ನೂರು ಊರುಗಳ ಘಟಕ. ಬೆಳ್ವೊಲ ಮುನ್ನೂರು, ಬನವಾಸಿ ಪನ್ನಿರ್ಛಾಸಿರ ಎಂಬ ಸಂಖ್ಯಾವಾಚಕ ನಾಡುಗಳನ್ನು ನಮ್ಮ ಶಾಸನಗಳಲ್ಲಿ ಓದಿದವರಿಗೆ ಇದು ಅಪರಿಚಿತವೆನಿಸದು. ಪುಯಿಲ್ ಗ್ಲಿನ್ ಕೀಖ್ ಎಂಬ ಕಣಿವೆಗೆ ಬೇಟೆಗೆ ಹೋಗುತ್ತಾನೆ. ಸಂಗಡಿಗರಿಂದ ಅಗಲಿ ಒಬ್ಬನೇ ಆದಾಗ ಬೇರೊಂದು ನಾಯಿಗಳ ಹಿಂಡಿನ ಕೂಗು ಕೇಳಿಬರುತ್ತದೆ. ಮೈಯೆಲ್ಲ ಹೊಳೆಯುವ ಬಿಳುಪು, ಕಿವಿ ಮಾತ್ರ ಕೆಂಪು. ಅಂಥ ನಾಯಿಗಳನ್ನು ಅವನು ಎಂದೂ ಕಂಡಿರಲಿಲ್ಲ. ಅವು ಒಂದು ಗಂಡುಜಿಂಕೆಯನ್ನು ಕೆಡವುತ್ತವೆ. ಪುಯಿಲ್ ಆ ನಾಯಿಗಳನ್ನು ಅಟ್ಟಿ, ಬಿದ್ದ ಜಿಂಕೆಯನ್ನು ತನ್ನ ನಾಯಿಗಳಿಗೆ ಉಣಿಸುತ್ತಾನೆ.

ಅನ್ಯಲೋಕದೊಡನೆ ಮನುಷ್ಯನ ಮೊದಲ ಸಂಪರ್ಕ ಈ ಕಥನದಲ್ಲಿ ಹೀಗೆ ಒಂದು ಅಸಭ್ಯ ನಡತೆಯಿಂದ ಏರ್ಪಡುತ್ತದೆ. ಬೂದುಬಣ್ಣದ ಕುದುರೆಯೇರಿ ಬಂದ ಬೇಟೆಗಾರ ಪುಯಿಲ್‌ಗೆ ವಂದಿಸಲು ನಿರಾಕರಿಸುತ್ತಾನೆ. ತಾನು ಸೇಡು ತೀರಿಸಿಕೊಳ್ಳುವುದಿಲ್ಲ, ಆದರೆ ನೂರು ಜಿಂಕೆಗಳ ಬೆಲೆಯಷ್ಟು ಅಪಕೀರ್ತಿಯನ್ನು ತರುತ್ತೇನೆ ಎನ್ನುತ್ತಾನೆ. ಮಧ್ಯಕಾಲೀನ ವೆಲ್ಷ್ ಕಾನೂನಿನಲ್ಲಿ ಮಾನಹಾನಿಗೆ ಆಯಾ ವ್ಯಕ್ತಿಯ ಅಂತಸ್ತಿಗೆ ತಕ್ಕ ಬೆಲೆ ನಿಗದಿಯಾಗಿತ್ತೆಂಬುದನ್ನು ನೆನೆದರೆ ಈ ಮಾತಿನ ತೂಕ ತಿಳಿಯುತ್ತದೆ. ಬಂದವನು ಅನ್ನೂನಿನ ಅರಸ ಅರೌನ್. ಅವನು ದೇವತೆಯ ಶಾಪವನ್ನಾಗಲಿ ಪ್ರೇತದ ಭಯವನ್ನಾಗಲಿ ಒಡ್ಡುವುದಿಲ್ಲ. ಸಮಾನ ದರ್ಜೆಯ ಇನ್ನೊಬ್ಬ ಅರಸನಂತೆ ತನಗಾದ ಅವಮಾನದ ಲೆಕ್ಕ ಹೇಳುತ್ತಾನೆ. ಪುಯಿಲ್ ಕೂಡ ಪೂಜೆಯ ಮಾತೆತ್ತದೆ, ಸ್ನೇಹವನ್ನು ಗಳಿಸುವ ಬಗೆ ಯಾವುದೆಂದು ಕೇಳುತ್ತಾನೆ.

ತೀರಿಸಬೇಕಾದ ಋಣ ವಿಚಿತ್ರವಾದುದು. ಅನ್ನೂನಿನಲ್ಲಿಯೇ ಹಾವ್ಗನ್ ಎಂಬ ಇನ್ನೊಬ್ಬ ಅರಸನಿದ್ದಾನೆ; ಅವನು ಅರೌನ್‌ನ ಮೇಲೆ ಸದಾ ಯುದ್ಧ ಹೂಡುತ್ತಾನೆ. ಅರೌನ್ ಮತ್ತು ಪುಯಿಲ್ ಪರಸ್ಪರ ರೂಪ ಬದಲಿಸಿಕೊಂಡು ಒಂದು ವರ್ಷ ಒಬ್ಬರ ರಾಜ್ಯದಲ್ಲಿ ಇನ್ನೊಬ್ಬರು ಇರಬೇಕು. ವರ್ಷದ ಕೊನೆಗೆ ಹೊಳೆಯ ಹಾಯ್ದಾರಿಯಲ್ಲಿ ಪುಯಿಲ್ ಹಾವ್ಗನ್‌ನನ್ನು ಎದುರಿಸಬೇಕು. ಒಂದೇ ಹೊಡೆತ ಕೊಡಬೇಕು. ಬೇಡಿಕೊಂಡರೂ ಎರಡನೆಯದನ್ನು ಕೊಡಬಾರದು. ಕೊಟ್ಟರೆ ಅವನು ಮರುದಿನ ಮತ್ತೆ ಮೊದಲಿನಂತೆಯೇ ಎದ್ದು ನಿಲ್ಲುತ್ತಾನೆ.

ಪುಯಿಲ್ ಅನ್ನೂನಿನ ಅರಮನೆಯಲ್ಲಿ ಕಳೆದ ವರ್ಷವನ್ನು ಕಥನಕಾರ ಕೆಲವೇ ವಾಕ್ಯಗಳಲ್ಲಿ ಮುಗಿಸುತ್ತಾನೆ. ಬೇಟೆ, ಹಾಡು, ಔತಣ, ಮಾತುಕತೆ. ಅಲ್ಲಿ ಆತ್ಮಗಳ ಸಾಲಿಲ್ಲ, ಪಿತೃಗಳಿಲ್ಲ, ಪಾಪಪುಣ್ಯಗಳ ವಿಚಾರಣೆಯಿಲ್ಲ. ಭೂಮಿಯ ಮೇಲಿನ ಎಲ್ಲ ಆಸ್ಥಾನಗಳಿಗಿಂತ ಊಟ, ಪಾನ, ಬಂಗಾರದ ಪಾತ್ರೆಗಳಲ್ಲಿ ಇದು ಮಿಗಿಲು ಎಂಬುದಷ್ಟೇ ಭೇದ. ಕಥನಕಾರ ನಿಂತು ನೋಡುವುದು ಇನ್ನೊಂದು ಕಡೆ. ಅರೌನ್‌ನ ಪತ್ನಿಗೆ ಪಕ್ಕದಲ್ಲಿರುವವನು ತನ್ನ ಗಂಡನಲ್ಲವೆಂದು ತಿಳಿಯದು; ಪುಯಿಲ್ ಪ್ರತಿ ರಾತ್ರಿ ಹಾಸಿಗೆಯ ಅಂಚಿನ ಕಡೆಗೆ ಮುಖ ತಿರುಗಿಸಿ ಮಲಗುತ್ತಾನೆ, ಹಗಲಿನಲ್ಲಿ ಮಾತ್ರ ಆದರದಿಂದ ಮಾತನಾಡುತ್ತಾನೆ. ಅರೌನ್ ಇದನ್ನು ನಿಷೇಧಿಸಿರಲಿಲ್ಲ ಎಂಬುದು ಗಮನಾರ್ಹ. ಹೇಳದೆ ಬಿಟ್ಟ ಶರತ್ತನ್ನು ತಾನಾಗಿ ಪಾಲಿಸಿದ್ದರಿಂದಲೇ ಮುಂದೆ ಅರೌನ್ ಹೆಂಡತಿಯ ಬಾಯಿಂದ ಸಂಗತಿ ತಿಳಿದಾಗ ಸ್ನೇಹ ಗಟ್ಟಿಯಾಗುತ್ತದೆ. ನನ್ನ ಓದಿನಲ್ಲಿ ಕಥೆಯ ಕೇಂದ್ರ ಹಾಯ್ದಾರಿಯ ಕಾಳಗಕ್ಕಿಂತ ಹೆಚ್ಚಾಗಿ ಈ ಹಾಸಿಗೆಯೇ.

ಪುಯಿಲ್ ಮರಳಿ ಬಂದು, ಕಳೆದ ವರ್ಷ ತನ್ನ ಆಳ್ವಿಕೆ ಹೇಗಿತ್ತೆಂದು ಡವೆಡ್‌ನ ಪ್ರಮುಖರನ್ನು ಕೇಳುತ್ತಾನೆ. ಇಷ್ಟು ಔದಾರ್ಯ, ಇಷ್ಟು ನ್ಯಾಯ ಹಿಂದೆಂದೂ ಇರಲಿಲ್ಲವೆಂಬ ಉತ್ತರ ಬರುತ್ತದೆ. ಅರಸ ನಿಜ ಹೇಳುತ್ತಾನೆ. ಆ ಆಳ್ವಿಕೆಯನ್ನು ನಮ್ಮಿಂದ ಹಿಂತೆಗೆದುಕೊಳ್ಳಬೇಡ ಎಂದು ಅವರು ಕೇಳಿಕೊಳ್ಳುತ್ತಾರೆ. ಅನ್ಯಲೋಕದ ಅರಸ ಮನುಷ್ಯಲೋಕಕ್ಕೆ ಬಿಟ್ಟುಹೋದದ್ದು ಒಳ್ಳೆಯ ಆಡಳಿತದ ಮಾದರಿಯನ್ನು. ಅತ್ತ, ಎರಡು ಹೋಳಾಗಿದ್ದ ಅನ್ನೂನನ್ನು ಒಂದುಮಾಡಿದ್ದಕ್ಕಾಗಿ ಪುಯಿಲ್‌ಗೆ ‘ಪೆನ್ ಅನ್ನುವ್ನ್’ ಎಂಬ ಬಿರುದು ಬರುತ್ತದೆ. ‘ಪೆನ್’ ಎಂದರೆ ತಲೆ, ಮುಖ್ಯಸ್ಥ. ಕುದುರೆ, ಬೇಟೆನಾಯಿ, ಗಿಡುಗಗಳ ಉಡುಗೊರೆಗಳು ಎರಡೂ ರಾಜ್ಯಗಳ ನಡುವೆ ಓಡಾಡುತ್ತವೆ.

೩

ಅನ್ನೂನ್ ಇರುವುದೆಲ್ಲಿ? ಪುಯಿಲ್ ಅಲ್ಲಿಗೆ ಇಳಿದುಹೋಗುವುದಿಲ್ಲ, ಏರಿಹೋಗುವುದೂ ಇಲ್ಲ. ಗ್ಲಿನ್ ಕೀಖ್‌ನಿಂದ ಅರೌನ್ ಜೊತೆಯಲ್ಲಿ ದಾರಿ ತೋರಿಸುತ್ತ ನಡೆದು ಅರಮನೆ ಕಾಣುವವರೆಗೆ ಬಂದು ಬಿಡುತ್ತಾನೆ, ಅಷ್ಟೆ. ಗ್ಲಿನ್ ಕೀಖ್ ಕಲ್ಪನೆಯ ಸ್ಥಳವೂ ಅಲ್ಲ. ನೈರುತ್ಯ ವೇಲ್ಸ್‌ನಲ್ಲಿ ಇಂದಿಗೂ ಆ ಹೆಸರಿನ ಕಣಿವೆಯಿದೆ. ಮೇಲು, ನಡು, ಕೆಳಗು ಎಂಬ ಲೋಕಶ್ರೇಣಿ ಈ ಪಠ್ಯಕ್ಕೆ ಬೇಕಾಗಿಲ್ಲ.

ಇಂಥ ನೆರೆಯ ಗಡಿಗಳು ನಾಲ್ಕು ಕವಲುಗಳಲ್ಲಿ ಹಲವು ಕಡೆ ಕಾಣುತ್ತವೆ, ಎಲ್ಲ ಕಡೆಯೂ ‘ಅನ್ನೂನ್’ ಎಂಬ ಹೆಸರಿಲ್ಲದಿದ್ದರೂ. ಆರ್ಬೆರ್ತ್‌ನ ದಿಬ್ಬದ ಮೇಲೆ ಕುಳಿತ ಕುಲೀನನಿಗೆ ಒಂದೋ ಪೆಟ್ಟು ಬೀಳುತ್ತದೆ, ಇಲ್ಲವೇ ಒಂದು ಅಚ್ಚರಿ ಕಾಣುತ್ತದೆ. ಅಲ್ಲಿ ಕುಳಿತ ಪುಯಿಲ್‌ಗೆ ಬಿಳಿಯ ಕುದುರೆಯ ಮೇಲೆ ನಿಧಾನವಾಗಿ ಸಾಗುವ ರಿಯಾನನ್ ಕಾಣಿಸುತ್ತಾಳೆ. ಎಷ್ಟು ವೇಗವಾಗಿ ಅಟ್ಟಿದರೂ ಅವಳನ್ನು ಯಾರೂ ಮುಟ್ಟಲಾರರು. ನಿಲ್ಲು ಎಂದು ಕೇಳಿಕೊಂಡಾಗ ಮಾತ್ರ ನಿಲ್ಲುತ್ತಾಳೆ. ಮೊದಲೇ ಕೇಳಿದ್ದರೆ ಕುದುರೆಗಾದರೂ ಒಳ್ಳೆಯದಾಗುತ್ತಿತ್ತೆಂದು ಚುಚ್ಚುತ್ತಾಳೆ. ಬಲದಿಂದ ತಲುಪಲಾಗದ್ದನ್ನು ಮಾತಿನಿಂದ ತಲುಪಬಹುದೆಂಬ ಆಶಯ ಇಲ್ಲಿಯೂ ಮುಂದುವರಿದಿದೆ. ಅದೇ ದಿಬ್ಬದಿಂದ ಮೂರನೆಯ ಕವಲಿನಲ್ಲಿ ಅನರ್ಥವೂ ಬರುತ್ತದೆ. ಗುಡುಗಿನ ಸದ್ದಾಗಿ ಮಂಜು ಕವಿದು ಕರಗುವಷ್ಟರಲ್ಲಿ ಡವೆಡ್‌ನ ಜನ, ದನ, ಮನೆಗಳೆಲ್ಲ ಇಲ್ಲವಾಗಿ ನಾಲ್ವರು ಮಾತ್ರ ಉಳಿಯುತ್ತಾರೆ.

ಎರಡನೆಯ ಕವಲಿನಲ್ಲಿ ಗಡಿ ಸಮುದ್ರದಲ್ಲಿದೆ. ಐರ್ಲೆಂಡಿನ ಯುದ್ಧದಿಂದ ಉಳಿದುಬಂದ ಏಳು ಮಂದಿ, ಕತ್ತರಿಸಿದರೂ ಮಾತನಾಡುವ ಬ್ರಾನ್‌ನ ತಲೆಯೊಡನೆ ಗ್ವಾಲೆಸ್ ದ್ವೀಪದಲ್ಲಿ ಎಂಬತ್ತು ವರ್ಷ ಔತಣದಲ್ಲಿ ಕಳೆಯುತ್ತಾರೆ. ಯಾರಿಗೂ ವಯಸ್ಸಾಗುವುದಿಲ್ಲ, ಯಾರಿಗೂ ದುಃಖದ ನೆನಪಿಲ್ಲ. ಕಾರ್ನ್‌ವಾಲ್ ಕಡೆಗಿರುವ ಬಾಗಿಲನ್ನು ತೆರೆಯಕೂಡದು ಎಂಬುದೊಂದೇ ಕಟ್ಟು. ಒಬ್ಬ ತೆರೆಯುತ್ತಾನೆ, ಕಳೆದುಕೊಂಡ ಬಂಧುಗಳೆಲ್ಲ ಆ ಕ್ಷಣವೇ ಸತ್ತರೋ ಎಂಬಂತೆ ದುಃಖ ನುಗ್ಗಿಬರುತ್ತದೆ. ಪೆಂಬ್ರೋಕ್‌ಷೈರ್ ಕರಾವಳಿಯಾಚೆಯ ಗ್ರಾಸ್‌ಹೋಮ್ ದ್ವೀಪವನ್ನು ಗ್ವಾಲೆಸ್ ಎಂದು ಗುರುತಿಸಲಾಗಿದೆ. ಈಗ ಅದು ಕಡಲಹಕ್ಕಿಗಳ ಬೀಡು.

ಲ್ಯಾಟಿನ್ನಿನಲ್ಲಿ ಬರೆದ ಗಿರಾಲ್ಡಸ್ ಕ್ಯಾಂಬ್ರೆನ್ಸಿಸ್ ಎಂಬ ಪಾದ್ರಿ ೧೧೮೮ರ ತನ್ನ ವೇಲ್ಸ್ ಪ್ರವಾಸದ ಕಥನದಲ್ಲಿ ಎಲಿಡೂರ್ ಎಂಬವನ ವೃತ್ತಾಂತವನ್ನು ದಾಖಲಿಸಿದ್ದಾನೆ. ಅಲ್ಲಿ ಅನ್ನೂನ್ ಎಂಬ ಪದವಿಲ್ಲ, ಆದರೆ ಮನೋಧರ್ಮ ಅದೇ. ಗುರುವಿನ ಹೊಡೆತಕ್ಕೆ ಹೆದರಿ ಹೊಳೆಯ ದಂಡೆಯ ಪೊಟರೆಯಲ್ಲಿ ಅಡಗಿದ ಬಾಲಕನನ್ನು ಇಬ್ಬರು ಕುಳ್ಳರು ನೆಲದಡಿಯ ನಾಡಿಗೆ ಕರೆದೊಯ್ಯುತ್ತಾರೆ. ಅಲ್ಲಿ ಸೂರ್ಯನ ಪೂರ್ಣ ಬೆಳಕಿಲ್ಲ, ರಾತ್ರಿ ಚಂದ್ರನಿಲ್ಲ. ಜನ ಮಾಂಸ ತಿನ್ನರು, ಸುಳ್ಳನ್ನು ಎಲ್ಲಕ್ಕಿಂತ ಹೆಚ್ಚು ಹೇಸುತ್ತಾರೆ. ಮೇಲಿನ ಲೋಕದ ದುರಾಸೆಯನ್ನೂ ವಿಶ್ವಾಸದ್ರೋಹವನ್ನೂ ಖಂಡಿಸುತ್ತಾರೆ. ಬಾಲಕ ಮನೆಗೂ ಅಲ್ಲಿಗೂ ಓಡಾಡಿಕೊಂಡಿರುತ್ತಾನೆ. ತಾಯಿಯ ಮಾತಿಗೆ ಒಂದು ಬಂಗಾರದ ಚೆಂಡನ್ನು ಕದ್ದು ತರುತ್ತಾನೆ. ಮನೆಯ ಹೊಸ್ತಿಲಲ್ಲಿ ಎಡವಿ ಬೀಳುತ್ತಾನೆ. ಹಿಂದೆಯೇ ಬಂದ ಕುಳ್ಳರು ಚೆಂಡನ್ನು ಎತ್ತಿಕೊಂಡು ಉಗಿದು ಹೋಗುತ್ತಾರೆ. ಒಂದು ವರ್ಷ ಹುಡುಕಿದರೂ ದಾರಿ ಮತ್ತೆ ಸಿಗುವುದಿಲ್ಲ. ಮುದಿಪಾದ್ರಿಯಾದ ಮೇಲೂ ಈ ಕಥೆ ಹೇಳುವಾಗ ಎಲಿಡೂರ್ ಅಳುತ್ತಿದ್ದನೆಂದು ಗಿರಾಲ್ಡಸ್ ಬರೆಯುತ್ತಾನೆ.

೪

ಕಳವು ಈ ಲೋಕದೊಡನೆ ಸಂಬಂಧವನ್ನು ಮುರಿಯುತ್ತದೆ ಎಂಬುದು ಎಲಿಡೂರ್‌ನ ವೃತ್ತಾಂತದಲ್ಲಿ ಸ್ಫುಟವಾಗಿದೆ. ಇದರ ವೀರರೂಪ ‘ತಲ್ಯೆಸಿನ್‌ನ ಪುಸ್ತಕ’ವೆಂಬ ಹದಿನಾಲ್ಕನೆಯ ಶತಮಾನದ ಹಸ್ತಪ್ರತಿಯಲ್ಲಿರುವ ‘ಅನ್ನೂನಿನ ಕೊಳ್ಳೆ’ ಎಂಬ ಕವಿತೆ. ರಚನೆಯ ಕಾಲ ಹಸ್ತಪ್ರತಿಗಿಂತ ಹಿಂದಿನದು. ಎಷ್ಟು ಹಿಂದಿನದೆಂಬ ಬಗ್ಗೆ ಒಮ್ಮತವಿಲ್ಲ. ಮಾರ್ಗೆಡ್ ಹೇಕಾಕ್ ಅವರ ೨೦೦೭ರ ಸಂಪಾದನೆ ಇದರ ಕ್ಲಿಷ್ಟ ಪಾಠವನ್ನು ಓದಲು ಇಂದು ಮುಖ್ಯ ಆಧಾರ. ಆರ್ಥರ್ ಪ್ರಿಡ್ವೆನ್ ಎಂಬ ಹಡಗಿನಲ್ಲಿ ಸೈನ್ಯದೊಡನೆ ಅನ್ನೂನಿಗೆ ಹೋಗುತ್ತಾನೆ. ಕೋಟೆಗೆ ಚರಣದಿಂದ ಚರಣಕ್ಕೆ ಬೇರೆ ಬೇರೆ ಹೆಸರು: ಕೈರ್ ಸಿಡಿ, ನಾಲ್ಕು ಮೂಲೆಗಳ ಕೋಟೆ, ಗಾಜಿನ ಕೋಟೆ. ಇವು ಒಂದೇ ಕೋಟೆಯ ಹೆಸರುಗಳೋ ಹಲವು ಕೋಟೆಗಳೋ ಹೇಳುವುದು ಕಷ್ಟ. ಅಲ್ಲಿ ಅನ್ನೂನಿನ ಒಡೆಯನ ಕೊಪ್ಪರಿಗೆಯಿದೆ. ಒಂಬತ್ತು ಕನ್ಯೆಯರ ಉಸಿರಿನಿಂದ ಅದು ಕಾಯುತ್ತದೆ. ಹೇಡಿಯ ಅನ್ನವನ್ನು ಅದು ಬೇಯಿಸುವುದಿಲ್ಲ. ಮೂರು ಹಡಗು ತುಂಬುವಷ್ಟು ಮಂದಿ ಹೋದರೂ ಏಳು ಜನರ ಹೊರತು ಯಾರೂ ಮರಳಲಿಲ್ಲ ಎಂಬ ಪಲ್ಲವಿ ಹೆಚ್ಚಿನ ಚರಣಗಳ ಕೊನೆಗೆ ಮತ್ತೆ ಮತ್ತೆ ಬರುತ್ತದೆ. ಇದನ್ನು ವಿಜಯಗೀತೆಯೆಂದು ಓದುವವರು ಆ ಸಂಖ್ಯೆಯನ್ನು ಮತ್ತೊಮ್ಮೆ ನೋಡಬೇಕು.

ನಾಲ್ಕನೆಯ ಕವಲಿನ ಹಂದಿಗಳ ಪ್ರಸಂಗವನ್ನೂ ಇದರ ಜೊತೆಗಿಟ್ಟು ನೋಡಬಹುದು. ಅರೌನ್ ಪುಯಿಲ್‌ನ ಮಗ ಪ್ರಡೇರಿಗೆ ಹಂದಿಗಳನ್ನು ಕಳುಹಿಸುತ್ತಾನೆ; ಆ ದ್ವೀಪದಲ್ಲಿ ಮೊದಲು ಇಲ್ಲದಿದ್ದ ಪ್ರಾಣಿ ಅದು. ಹಿಂಡು ಇಮ್ಮಡಿಯಾಗುವವರೆಗೆ ಅವನ್ನು ಕೊಡುವಂತಿಲ್ಲ, ಮಾರುವಂತಿಲ್ಲ ಎಂದು ಪ್ರಡೇರಿ ತನ್ನ ನಾಡಿನವರಿಗೆ ಮಾತು ಕೊಟ್ಟಿದ್ದಾನೆ. ಉತ್ತರದ ಗ್ವಿಡ್ಯನ್ ಕವಿವೇಷದಲ್ಲಿ ಬಂದು, ಕೊಡುವುದೂ ಬೇಡ, ಮಾರುವುದೂ ಬೇಡ, ಅದಲುಬದಲು ಮಾಡು ಎಂದು ಮಾತಿನ ಸಂದಿಯನ್ನು ಹಿಡಿಯುತ್ತಾನೆ. ಅವನು ಕೊಟ್ಟ ಕುದುರೆ, ನಾಯಿಗಳು ಮಾಯೆಯಿಂದ ಹುಟ್ಟಿದವು; ಒಂದು ದಿನದ ಬಾಳಿಕೆ. ಯುದ್ಧವಾಗಿ ಪ್ರಡೇರಿ ದ್ವಂದ್ವದಲ್ಲಿ ಸಾಯುತ್ತಾನೆ. ತಂದೆ ಬಾಯಲ್ಲಿ ಹೇಳದ ಶರತ್ತನ್ನೂ ಪಾಲಿಸಿ ಗಳಿಸಿದ್ದನ್ನು ಮಗ ಹೇಳಿದ ಶರತ್ತಿನ ಅಕ್ಷರವನ್ನಷ್ಟೇ ಪಾಲಿಸಿ ಕಳೆದುಕೊಳ್ಳುತ್ತಾನೆ. ಈ ಎರಡು ಕವಲುಗಳನ್ನು ಒಟ್ಟಿಗೆ ಓದದೆ ಅನ್ನೂನಿನ ಅರ್ಥ ಪೂರ್ಣವಾಗದು.

೫

ಹಾಗಾದರೆ ನರಕವೆಂಬ ಅರ್ಥ ಎಲ್ಲಿಂದ ಬಂತು? ಅದು ಸಂಪೂರ್ಣ ಹೊರಗಿನದೆಂದು ಹೇಳಲಾಗದು. ‘ಅನ್ನೂನಿನ ಕೊಳ್ಳೆ’ಯಲ್ಲಿಯೇ ನರಕವಾಚಕ ಪದವೊಂದು ಸುಳಿಯುತ್ತದೆ. ‘ಕಿಲ್ಹೂಖ್ ಮತ್ತು ಓಲ್ವೆನ್’ ಕಥೆಯಲ್ಲಿ, ಈ ಲೋಕ ನಾಶವಾಗದಿರಲೆಂದು ದೇವರು ಅನ್ನೂನಿನ ಪಿಶಾಚಿಗಳ ಉಗ್ರತೆಯನ್ನು ಗ್ವಿನ್ ಆಪ್ ನೀದ್ ಎಂಬವನಲ್ಲಿ ಇರಿಸಿದ್ದಾನೆಂಬ ಮಾತಿದೆ. ಹದಿಮೂರನೆಯ ಶತಮಾನದ ‘ಕಾರ್ಮಾರ್ದೆನ್‌ನ ಕಪ್ಪು ಪುಸ್ತಕ’ದ ಒಂದು ಸಂವಾದಕವಿತೆಯಲ್ಲಿ ಇದೇ ಗ್ವಿನ್, ವೀರರು ಮಡಿದ ಕಡೆಗಳಲ್ಲೆಲ್ಲ ತಾನಿದ್ದೆನೆಂದು ಹೇಳಿಕೊಳ್ಳುತ್ತಾನೆ. ಸಾವಿನ ನೆರಳು ಹೀಗೆ ಅಲ್ಲಲ್ಲಿ ಇದೆ. ಆದರೆ ಕ್ರೈಸ್ತ ಲೇಖಕರು ದಾಖಲಿಸಿದ ಈ ಸಾಹಿತ್ಯದಲ್ಲಿ ಅರೌನ್‌ನ ಆಸ್ಥಾನ ಅಷ್ಟು ನಿರ್ಮಲವಾಗಿ ಉಳಿದುಬಂದದ್ದೇ ನಿಜವಾದ ಅಚ್ಚರಿ.

ಹದಿನಾರನೆಯ ಶತಮಾನದ ಪ್ರತಿಯಲ್ಲಿ ಸಿಗುವ ಸಂತ ಕೊಲ್ಲೆನ್‌ನ ಚರಿತ್ರೆಯಲ್ಲಿ ಗ್ವಿನ್ ಅನ್ನೂನಿನ ಅರಸ. ಬೆಟ್ಟದ ಮೇಲಿನ ಅವನ ಅರಮನೆಗೆ ಕರೆಯಿಸಿಕೊಂಡ ಸಂತ ಔತಣವನ್ನು ಮುಟ್ಟುವುದಿಲ್ಲ, ಪವಿತ್ರಜಲ ಚಿಮುಕಿಸುತ್ತಾನೆ. ಅರಮನೆ ಮಾಯವಾಗಿ ಹಸಿರು ದಿಬ್ಬಗಳು ಉಳಿಯುತ್ತವೆ. ಪುಯಿಲ್ ಉಂಡ ಊಟವನ್ನು ಕೊಲ್ಲೆನ್ ನಿರಾಕರಿಸುವುದರಲ್ಲಿ ಒಂದು ಯುಗದ ಪಲ್ಲಟವಿದೆ. ಆದರೂ ಹಳೆಯ ಅರ್ಥ ಕೂಡಲೇ ಅಳಿಯಲಿಲ್ಲ. ಹದಿನಾಲ್ಕನೆಯ ಶತಮಾನದ ಮಹಾಕವಿ ಡಾವಿಡ್ ಆಪ್ ಗ್ವಿಲಿಮ್‌ನ ಕಲ್ಪನೆಯಲ್ಲಿ ಬೇಸಗೆಯೇ ಚಳಿಗಾಲದ ಗಾಳಿಗೆ ಹೆದರಿ ಅನ್ನೂನಿಗೆ ಹೋಗಿ ತಂಗುತ್ತದೆ. ಬೇಸಗೆ ತಂಗುವ ಜಾಗ ನರಕವಾಗಿರಲಾರದು. ಜನಪದದಲ್ಲಿ ಮಾತ್ರ ಅರೌನ್‌ನ ಬಿಳಿಯ ನಾಯಿಗಳು ‘ಅನ್ನೂನಿನ ನಾಯಿ’ಗಳಾಗಿ, ರಾತ್ರಿಯ ಆಕಾಶದಲ್ಲಿ ಕೂಗುತ್ತ ಸಾವನ್ನು ಸೂಚಿಸುವ ಶಕುನಗಳಾದವು. ದೂರವಿದ್ದಾಗ ಜೋರಾಗಿಯೂ ಹತ್ತಿರ ಬಂದಷ್ಟೂ ಮೆಲ್ಲಗೂ ಅವುಗಳ ದನಿ ಕೇಳುತ್ತದೆಂಬ ನಂಬಿಕೆಯನ್ನು ಹತ್ತೊಂಬತ್ತನೆಯ ಶತಮಾನದ ಸಂಗ್ರಾಹಕರು ದಾಖಲಿಸಿದ್ದಾರೆ.

೬

ಭಾರತೀಯ ಓದುಗರು ವಿಶೇಷವಾಗಿ ಎಚ್ಚರದಿಂದಿರಬೇಕಾದ ಪಲ್ಲಟ ಇನ್ನೊಂದಿದೆ. ಅನ್ನೂನ್ ಜೀವದ ಅತಿ ಕೆಳಗಿನ ಸ್ಥಿತಿ; ಅಲ್ಲಿಂದ ಹೊರಟ ಜೀವ ‘ಆಬ್ರೆಡ್’ ಎಂಬ ವಲಯದಲ್ಲಿ ಒಂದೊಂದೇ ಜನ್ಮವೆತ್ತಿ ಮನುಷ್ಯನಾಗುತ್ತದೆ; ಒಳಿತನ್ನಾರಿಸಿಕೊಂಡರೆ ‘ಗ್ವಿನ್ವಿಡ್’ ಎಂಬ ಆನಂದವಲಯಕ್ಕೇರುತ್ತದೆ, ಇಲ್ಲವಾದರೆ ಮತ್ತೆ ಜಾರುತ್ತದೆ; ಅದರಾಚೆಯ ವಲಯ ದೇವರೊಬ್ಬನದು. ಈ ವಿವರಣೆಯನ್ನು ಓದಿದ ಯಾವ ಕನ್ನಡ ಅಧ್ಯಾಪಕರಿಗೂ ಸಂಸಾರಚಕ್ರ, ಎಂಬತ್ತನಾಲ್ಕು ಲಕ್ಷ ಯೋನಿಗಳು ನೆನಪಾಗದಿರವು. ತೌಲನಿಕ ಅಧ್ಯಯನಕ್ಕೆ ಇದಕ್ಕಿಂತ ಆಕರ್ಷಕವಾದ ಸಾಮಗ್ರಿ ಬೇರೆ ಬೇಕೆ ಎನಿಸುತ್ತದೆ. ಆದರೆ ಇದು ಪ್ರಾಚೀನ ವೆಲ್ಷ್ ಸಾಮಗ್ರಿಯಲ್ಲ. ೧೮೬೨ ಮತ್ತು ೧೮೭೪ರಲ್ಲಿ ‘ಬಾರ್ಡಾಸ್’ ಎಂಬ ಹೆಸರಿನಲ್ಲಿ ಅಚ್ಚಾದ ಈ ದರ್ಶನ ಯೋಲೋ ಮೊರ್ಗಾನುಗ್ ಎಂಬ ಕಾವ್ಯನಾಮದ ಎಡ್ವರ್ಡ್ ವಿಲಿಯಮ್ಸ್ (೧೭೪೭–೧೮೨೬) ಅವರ ಸೃಷ್ಟಿ. ಕಲ್ಲುಕೆಲಸ ಅವರ ವೃತ್ತಿ. ಪ್ರತಿಭಾವಂತ ಕವಿ, ಅಷ್ಟೇ ಪ್ರತಿಭಾವಂತ ಕೂಟಲೇಖಕ. ಹಳೆಯ ಕವಿಗಳ ಹೆಸರಿನಲ್ಲಿ ಅವರು ಸ್ವತಃ ಬರೆದ ರಚನೆಗಳನ್ನು ಜಿ. ಜೆ. ವಿಲಿಯಮ್ಸ್ ೧೯೨೬ರ ತಮ್ಮ ಗ್ರಂಥದಲ್ಲಿ ಸಪ್ರಮಾಣವಾಗಿ ತೋರಿಸಿಕೊಟ್ಟರು.

ಯೋಲೋ ಅವರು ಈ ವ್ಯವಸ್ಥೆಯನ್ನು ಹೆಣೆಯುತ್ತಿದ್ದ ಕಾಲವನ್ನೂ ಗಮನಿಸಬೇಕು. ಡ್ರೂಯಿಡರು ಜೀವ ಒಂದು ದೇಹದಿಂದ ಇನ್ನೊಂದಕ್ಕೆ ಹೋಗುತ್ತದೆಂದು ನಂಬಿದ್ದರೆಂಬ ಜೂಲಿಯಸ್ ಸೀಸರನ ಮಾತು ಅಂದಿನ ವಿದ್ಯಾವಂತರಿಗೆ ಪರಿಚಿತ. ೧೭೮೪ರಲ್ಲಿ ಕಲ್ಕತ್ತೆಯಲ್ಲಿ ಏಷ್ಯಾಟಿಕ್ ಸೊಸೈಟಿ ಹುಟ್ಟಿತ್ತು. ೧೭೮೫ರಲ್ಲಿ ಚಾರ್ಲ್ಸ್ ವಿಲ್ಕಿನ್ಸ್ ಭಗವದ್ಗೀತೆಯನ್ನು ಇಂಗ್ಲಿಷಿಗೆ ತಂದಿದ್ದ. ಭಾರತದ ಪುನರ್ಜನ್ಮವಿಚಾರ ಲಂಡನ್ನಿನ ಓದುಗವಲಯದಲ್ಲಿ ಚರ್ಚೆಯಲ್ಲಿದ್ದ ದಿನಗಳವು. ಯೋಲೋ ಅವರ ಅನ್ನೂನಿಗೂ ನಮ್ಮ ಸಂಸಾರಕಲ್ಪನೆಗೂ ಸಾಮ್ಯವಿದೆ ಎಂದಾಗ, ಆ ಸಾಮ್ಯವನ್ನು ಇಂಡೋ-ಯುರೋಪಿಯನ್ ಪ್ರಾಚೀನತೆಗೆ ಸಾಕ್ಷ್ಯವಾಗಿ ಒಡ್ಡಲು ಬರುವುದಿಲ್ಲ. ಅಲ್ಲಿ ಕಾಣುವುದು ಸುತ್ತಿ ಬಳಸಿ ಹೋಗಿ ಮರಳಿದ ನಮ್ಮದೇ ಪ್ರತಿಬಿಂಬವಾಗಿರಬಹುದು.

ಇನ್ನು ಕನ್ನಡದ ಪದ. ‘ಪರಲೋಕ’ ಸಾವನ್ನು ಬಿಟ್ಟು ನಿಲ್ಲದು. ‘ಪಾತಾಳ’ ನರಕವಲ್ಲವೆಂಬುದು ನಿಜ. ಬಲಿಯ, ನಾಗರ ಸಮೃದ್ಧ ನಾಡು ಅದು. ಗಂಗೆಯಲ್ಲಿ ಮುಳುಗಿದ ಅರ್ಜುನನನ್ನು ಉಲೂಪಿ ನಾಗಲೋಕಕ್ಕೆ ಎಳೆದೊಯ್ಯುವ ಪ್ರಸಂಗದ ಮನೋಧರ್ಮ ಪುಯಿಲ್‌ನ ಕಥೆಗೆ ದೂರವಲ್ಲ. ಆದರೆ ಹದಿನಾಲ್ಕು ಲೋಕಗಳ ಶ್ರೇಣಿಯಲ್ಲಿ ಅದರ ಸ್ಥಾನ ನಿಶ್ಚಿತ. ಅನ್ನೂನಿಗೆ ಅಂಥ ಶ್ರೇಣಿಯೇ ಇಲ್ಲ. ತುಳು ಪಾಡ್ದನಗಳ ‘ಮಾಯ’ ಕೆಲಮಟ್ಟಿಗೆ ಹತ್ತಿರವೆನಿಸುತ್ತದೆ. ಅದು ಕಾಣುವ ಲೋಕಕ್ಕೆ ತಾಗಿಕೊಂಡೇ ಇರುವ ಕಾಣದ ನೆಲೆ. ಆದರೆ ಅಲ್ಲಿಗೆ ಸಂದವರು ದೈವಗಳಾಗಿ ಮರಳುತ್ತಾರೆ; ಪುಯಿಲ್ ಅರಸನಾಗಿ ಹೋಗಿ ಅರಸನಾಗಿಯೇ ಬರುತ್ತಾನೆ. ಆದ್ದರಿಂದ ನಾಲ್ಕು ಕವಲುಗಳ ಅನುವಾದದಲ್ಲಿ ‘ಅನ್ನೂನ್’ ಎಂಬ ಪದವನ್ನು ಹಾಗೆಯೇ ಉಳಿಸಿಕೊಂಡು, ಕೊಲ್ಲೆನ್‌ನ ಚರಿತ್ರೆಯಂಥ ಪಠ್ಯದಲ್ಲಿ ಮಾತ್ರ ಪಿಶಾಚಲೋಕದ ಛಾಯೆಯನ್ನು ಕೊಡುವುದು ಸೂಕ್ತವೆಂದು ನನ್ನ ಅಭಿಪ್ರಾಯ. ‘ಪೆನ್ ಅನ್ನುವ್ನ್’ ಎಂಬ ಬಿರುದನ್ನು ‘ಪಾತಾಳಾಧಿಪತಿ’ ಎಂದು ತಂದರೆ ಒಬ್ಬ ದಾನವನ ಚಿತ್ರ ಮೂಡುತ್ತದೆ. ‘ಅನ್ನೂನಿನ ಒಡೆಯ’ ಎಂದರೆ, ನೆರೆಯ ನಾಡಿನಲ್ಲಿ ಒಂದು ವರ್ಷ ಇನ್ನೊಬ್ಬನ ಮುಖ ಹೊತ್ತು, ಇನ್ನೊಬ್ಬನ ಮನೆಯ ಮಾನ ಕಾಯ್ದು ಬಂದ ಡವೆಡ್‌ನ ಅರಸ ಉಳಿದುಕೊಳ್ಳುತ್ತಾನೆ.